ಮೂರನೆಯ ಸಾಲು

ಬ್ರಿತೋನಾದ ಶೆಡ್ಡಿನ ನೆಲದಲ್ಲಿ ಒಂದು ಗುಂಡಿ,
ಗುಂಡಿಯೊಳಗೆ ಮಶೀನು, ಸ್ಟೂಲು, ನಾನು.
ಸುತ್ತ ಸೊಂಟದ ಮಟ್ಟಕ್ಕೆ ಹಾಯಿಯ ಬಟ್ಟೆ.
ಬಾಗಿಲಲ್ಲಿ ನಿಂತವರಿಗೆ
ಹಿನ್ನೀರಲ್ಲಿ ಚಿಪ್ಪು ಆರಿಸುವವಳ ಹಾಗೆ ಕಾಣುತ್ತೇನಂತೆ.

ಈ ವಾರ ಎರಡು ಬಂದಿವೆ.
ಅನಾಕ್ಲೆತು ಮಾಸ್ತರರದು ಒಂದೊಡಲು,
ಮೂವತ್ತೊಂದು ಅಡಿ, ಹೊಟ್ಟೆಯಡಿ ಎರಡು ಟನ್ ಸೀಸ.
ಸುಹಾಸ ಕುಂಕಳ್ಯೇಕರನ ಕಂಪನಿಯದು ಎರಡೊಡಲು,
ನಡುವೆ ಬಲೆ ಬಿಗಿದ ಅಂಗಳ,
ಮಲಗಿಕೊಂಡೇ ಸೂರ್ಯ ಮುಳುಗಿಸಲಿಕ್ಕೆ.

'ಕ್ಯಾಟಮರಾನ್, ಬಾಯೀ, ಫ್ರೆಂಚ್ ಮಾಲು!'
ಸೂಜಿ ಕಚ್ಚಿಕೊಂಡೇ ನಕ್ಕೆ.
ಕಟ್ಟು. ಮರ.
ತಮಿಳರ ಕರಾವಳಿಯಿಂದ ಹೊರಟ ಮಾತು
ಊರೆಲ್ಲ ಸುತ್ತಿ, ಅತ್ತರು ಪೂಸಿಕೊಂಡು,
ಪಕ್ಕದ ಮನೆಯವರ ಗುರುತೇ ಇಲ್ಲದಂತೆ ಬಂದಿದೆ.
ಮಾಜಾಳಿಯಲ್ಲಿ ಅಪ್ಪನ ಪಾತಿಗೆ ಪಕ್ಕದಲ್ಲೊಂದು ಉಲಂಡಿ,
ಎರಡು ಬಾಗಿದ ಕೋಲು, ಕತ್ತದ ಹಗ್ಗ.
ಒಂದೂವರೆ ಒಡಲು ಅನ್ನಬೇಕು ಅದಕ್ಕೆ.
ಇವರ ಪಟ್ಟಿಯಲ್ಲಿ ಆ ಕಾಲಮ್ಮೇ ಇಲ್ಲ.

ಹಾಯಿ ಕೂತದ್ದು ನೋಡಲು ಅಗ್ವಾದದಾಚೆ ಹೋಗಿಬಂದೆ,
ಎರಡರಲ್ಲೂ.

ಎರಡೊಡಲಿನಲ್ಲಿ ಚಹದ ಲೋಟ ಇಟ್ಟಲ್ಲೇ ಇತ್ತು.
ಗಾಳಿ ಏರಿದ್ದು ನನಗೆ ಗೊತ್ತೇ ಆಗಲಿಲ್ಲ,
ತಿರುಗಿ ನೋಡಿದರೆ ಕೋಟೆ ಬೆಂಕಿಪೊಟ್ಟಣದಷ್ಟು.
ಅಡಿಯಿಂದ ಮಾತ್ರ ಅಲೆ ದಬದಬ,
ಬಾಡಿಗೆ ಕೇಳಲು ಬಂದವನ ಹಾಗೆ.
ಗಾಳಿಗೆದುರು ತಿರುಗುವಾಗ ಎಮ್ಮೆಯಂತೆ ನಿಂತುಬಿಟ್ಟಿತು,
ಹಿಂದೆ ಸರಿದು, ಮುಖ ಊದಿಸಿ, ಆಮೇಲೆ ತಿರುಗಿತು.
ಆದರೂ ಇಳಿತದಲ್ಲಿ ಮರಳದಿಬ್ಬ ದಾಟಿ
ನೇರ ಮನೆಗೆ.

ಮಾಸ್ತರರದು ದಿಬ್ಬದಾಚೆ ಎರಡು ತಾಸು ಕಾಯಿತು, ನೀರಿಗಾಗಿ.
ಅಷ್ಟರೊಳಗೆ ನನ್ನ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ.
ಗಾಳಿ ತಟ್ಟಿದ್ದೇ ದೋಣಿ ವಾಲಿತು;
ಚಪ್ಪಲಿ ಜಾರಿತು, ಡಬ್ಬಿ ಉರುಳಿತು,
ಬಂಗುಡೆ ಸಾರು ಮಾಸ್ತರರ ಟೊಪ್ಪಿಗೆಯೊಳಗೆ.
ಇನ್ನೂ ವಾಲಿತು. ಕಿಟಕಿಗೆ ಹಸಿರು ನೀರು.
ದೇವರೇ ಅನ್ನುವಷ್ಟರಲ್ಲಿ
ಅಡಿಯ ಸೀಸ 'ಸಾಕು' ಅಂದಿತು.
ಅಲ್ಲಿಗೇ ನಿಂತಿತು.
'ಇವಳು ಹೇಳಿ ಮಾಡುತ್ತಾಳೆ,' ಅಂದರು ಮಾಸ್ತರರು,
ಗಡ್ಡದಿಂದ ಸಾರು ಒರೆಸಿಕೊಳ್ಳುತ್ತ.

ಸಂಜೆ ಜೆಟ್ಟಿಯ ಮೇಲೆ ಇಬ್ಬರ ಜಗಳ.
ಮಗುಚಿದರೆ ನನ್ನದು ತಾನೇ ಎದ್ದು ನಿಲ್ಲುತ್ತದೆ, ಅಂದರು ಇವರು.
ತೂತಾದರೆ ನಿಮ್ಮ ಸೀಸವೇ ಪಾತಾಳಕ್ಕೆ ಎಳೆಯುತ್ತದೆ, ಅಂದ ಅವನು.
ನನ್ನದು ಮುಳುಗುವುದೇ ಇಲ್ಲ.
ಏಳುವುದೂ ಇಲ್ಲವಲ್ಲೋ!
'ನೀನು ಹೇಳು, ಸುಕ್ರಿಬಾಯಿ.'

ಅಪ್ಪನ ಪಾತಿ ಒಮ್ಮೆ ಮಗುಚಿತ್ತು.
ರಾತ್ರಿಯಿಡೀ ಉಲಂಡಿ ತಬ್ಬಿಕೊಂಡಿದ್ದನಂತೆ.
ಬೆಳಿಗ್ಗೆ ಬಂದು ಗಂಜಿ ಕೇಳಿದ.
ಉಂಡು, ಹಗ್ಗ ಬಿಚ್ಚಿ ತರಲು ಮತ್ತೆ ಹೋದ,
ಒಳ್ಳೇ ಹಗ್ಗ ಅದು, ಹೊಸದು.
ಯಾವ ದೋಣಿ ಮೇಲು ಅಂತ ಯಾರೂ ಕೇಳಲಿಲ್ಲ ಅವನನ್ನು.

ನನಗೆ ಗೊತ್ತಿರುವುದು ಹೊಲಿಗೆ.
ಒಂದೊಡಲಿಗೆ ಎರಡು ಸಾಲು ಸಾಕು,
ಬಿರುಗಾಳಿ ಬಂದಾಗ ಅದು ಬಾಗಿ ಅರ್ಧ ಚೆಲ್ಲುತ್ತದೆ.
ಎರಡೊಡಲು ಬಾಗದು.
ಪೆಟ್ಟೆಲ್ಲ ಬಟ್ಟೆಗೆ, ಬಟ್ಟೆಯಿಂದ ದಾರಕ್ಕೆ.
ಅದಕ್ಕೆ ಮೂರು ಸಾಲು, ಮೂಲೆಗೆ ತೊಗಲು,
ಮತ್ತು ಸುಹಾಸನ ಹತ್ತಿರ ಚೌಕಾಸಿ.

ಬಂದರಲ್ಲಿ ಇಳಿಯುವಾಗ ನೋಡಿದ್ದೆ.
ಹಾಯಿ ಕಿರಿದು ಮಾಡುವ ಹಗ್ಗ
ಮಾಸ್ತರರ ಕೈಗೆ ಮೂರು ಸಲ ತಪ್ಪಿತು.
ಬೆರಳು ನಡುಗುತ್ತವೆ, ಎಪ್ಪತ್ತೊಂಬತ್ತು.
ದೋಣಿ ಹೇಳಿ ಮಾಡುತ್ತದೆ, ನಿಜ.
ಕೇಳಿದವರಿಗೆ ಎದ್ದು ಓಡಲು ಮಂಡಿ ಬೇಕಲ್ಲ?

ಮಗಳು ಪೊರ್ವೊರಿಯಿಂದ ಫೋನು ಮಾಡಿದ್ದಳು,
ಮಾರಿಬಿಡಲು ಹೇಳಿ, ಚಪ್ಪಟೆಯದು ಕೊಳ್ಳಲಿ, ನಿನ್ನ ಮಾತು ಕೇಳುತ್ತಾರೆ.
ಹೂಂ ಅಂದೆ. ಹೇಳಲಿಲ್ಲ.

ಈಗ ಒಂಬತ್ತೂವರೆ. ದೋಣಿಕಟ್ಟೆಯ ನಾಯಿಯೂ ಮಲಗಿದೆ.
ಮಾಸ್ತರರ ಬಿಲ್ಲು ಬರೆದಾಯಿತು, ಎರಡು ಸಾಲಿನ ಲೆಕ್ಕ.
ಹಾಯಿಯ ಹಿಂದಂಚು ಮಶೀನಿನಡಿಗೆ ತಂದು
ಬಟ್ಟೆಯದೇ ಬಣ್ಣದ ದಾರ ಪೋಣಿಸಿದೆ.
ಮುದುಕನ ಕಣ್ಣಿಗೆ ಕಾಣಲಿಕ್ಕಿಲ್ಲ.